ಗ್ರಂಥಲೋಕದ ಹೊಸ್ತಿಲು
(ಸಂಸ್ಥೆಯ ವಾರ್ಷಿಕ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಈ ದಿನ ಮಕ್ಕಳಿಗೆ ಯಾರಾದರೊಬ್ಬ ಸತ್ಕಾರ್ಯಶೀಲರ ಚರಿತ್ರೆಯನ್ನು ಹೇಳಬೇಕೆಂದು ಅಧ್ಯಕ್ಷರು ನಮಗೆ ಅಪ್ಪಣೆ ಮಾಡಿದರು. ಇಂಥ ಸಭೆಗಳಲ್ಲಿ ಕವಿಗಳ, ಸಂತರ, ದೇಶಭಕ್ತರ ಚರಿತ್ರೆಗಳನ್ನು ಹೇಳುವುದು ವಾಡಿಕೆ. ಆದರೆ ನಾವು ಇಂದು ಆರಿಸಿಕೊಂಡದ್ದು ಒಬ್ಬ ಪ್ರಕಾಶಕಿಯ ಚರಿತ್ರೆಯನ್ನು. ಅವರು ನಮ್ಮ ನಾಡಿನವರಲ್ಲ, ನಮ್ಮ ನುಡಿಯವರಲ್ಲ. ಆದರೂ ಅವರ ಕಾರ್ಯವು ನಮ್ಮ ಈ ಚಿಕ್ಕ ಶಾಲೆಗೆ ಹೇಗೆ ಸಂಬಂಧಿಸಿದೆ ಎಂಬುದನ್ನು ಕೊನೆಯಲ್ಲಿ ನಿವೇದಿಸುತ್ತೇವೆ. ಅಲ್ಲಿಯವರೆಗೆ ತಾವು ತಾಳ್ಮೆಯಿಂದ ಕೇಳಬೇಕು.

ಪುಸ್ತಕವೆಂದರೆ ನಾವು ಬರೆದವರನ್ನು ನೆನೆಯುತ್ತೇವೆ. ಬರೆದುದು ಪುಸ್ತಕವಾಗುವ ಮುನ್ನ ಅದು ಒಂದು ಹೊಸ್ತಿಲನ್ನು ದಾಟಬೇಕು ಎಂಬುದನ್ನು ನೆನೆಯುವುದಿಲ್ಲ. ಆ ಹೊಸ್ತಿಲ ಬಳಿ ಕುಳಿತವರು ಪ್ರಕಾಶಕರು. ಬಂದ ಹಸ್ತಪ್ರತಿಗಳಲ್ಲಿ ಯಾವುದು ಒಳಗೆ ಬರಬೇಕು, ಯಾವುದು ಮರಳಬೇಕು ಎಂದು ತೀರ್ಮಾನಿಸುವವರು ಅವರೇ. ಯಾವ ಪುಸ್ತಕ ಎಷ್ಟು ಪ್ರತಿ ಅಚ್ಚಾಗಬೇಕು, ಯಾವ ಅಂಗಡಿಗೆ ಹೋಗಬೇಕು, ಎಷ್ಟು ವರ್ಷ ದೊರೆಯುತ್ತಿರಬೇಕು ಎಂಬುದೂ ಅವರ ಕೈಯಲ್ಲಿದೆ. ಅಲ್ಲಿಂದ ಮರಳಿದ ಹಸ್ತಪ್ರತಿಗಳ ಸುದ್ದಿ ಓದುಗರಿಗೆ ಎಂದೂ ತಿಳಿಯುವುದಿಲ್ಲ. ಆದುದರಿಂದ ಹೊಸ್ತಿಲ ಬಳಿ ಯಾರು ಕುಳಿತಿದ್ದಾರೆ ಎಂಬ ಪ್ರಶ್ನೆಯು ಒಂದು ಸಮಾಜದ ಪಾಲಿಗೆ ಸಣ್ಣ ಪ್ರಶ್ನೆಯಲ್ಲ.

ನಾವು ಹೇಳಹೊರಟ ಮಹಿಳೆಯ ಹೆಸರು ಮಾರ್ಗರೆಟ್ ಬಸ್ಬಿ. ಅವರು 1944ರಲ್ಲಿ ಪಶ್ಚಿಮ ಆಫ್ರಿಕೆಯ ಅಕ್ರಾ ನಗರದಲ್ಲಿ ಜನಿಸಿದರು. ಆಗ ಆ ದೇಶಕ್ಕೆ ಗೋಲ್ಡ್ ಕೋಸ್ಟ್ ಎಂಬ ಹೆಸರು. 1957ರಲ್ಲಿ ಸ್ವತಂತ್ರವಾಗಿ ಅದು ಘಾನಾ ಎನಿಸಿತು. ತಂದೆಯವರು ವೈದ್ಯರು, ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಹುಟ್ಟಿ ಬೆಳೆದು, ಆಫ್ರಿಕೆಯ ಹಳ್ಳಿಗಾಡಿನಲ್ಲಿ ರೋಗಿಗಳ ಸೇವೆಗೆ ನೆಲೆಸಿದವರು. ಟ್ರಿನಿಡಾಡಿನ ಕ್ವೀನ್ಸ್ ರಾಯಲ್ ಕಾಲೇಜಿನಲ್ಲಿ ಅವರ ಸಹಪಾಠಿಗಳಲ್ಲಿ ಸಿ. ಎಲ್. ಆರ್. ಜೇಮ್ಸ್ ಎಂಬ ಹುಡುಗನೂ ಇದ್ದನು. ಈ ಹೆಸರನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ. ತಾಯಿಯ ತಂದೆಯವರು 1900ರಲ್ಲಿ ಲಂಡನ್ನಿನಲ್ಲಿ ನೆರೆದ ಮೊದಲ ಪ್ಯಾನ್-ಆಫ್ರಿಕನ್ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋದವರು. ಹೀಗೆ ವಿದ್ಯೆ ಮತ್ತು ಜನಹಿತ ಎರಡೂ ಆ ಮನೆತನಕ್ಕೆ ಹೊಸವಾಗಿರಲಿಲ್ಲ.

ಬಾಲ್ಯದಲ್ಲಿಯೇ ಅವರನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸಿ ಪದವಿ ಪಡೆದರು. ಕವಿತೆ ಬರೆಯುತ್ತಿದ್ದರು, ಕಾಲೇಜಿನ ಪತ್ರಿಕೆಯ ಕೆಲಸ ಮಾಡುತ್ತಿದ್ದರು. ಆ ದಿನಗಳಲ್ಲಿಯೇ ಆಕ್ಸ್‌ಫರ್ಡಿನ ವಿದ್ಯಾರ್ಥಿ ಕ್ಲೈವ್ ಆಲಿಸನ್ ಎಂಬವರ ಪರಿಚಯವಾಯಿತು. ಇಬ್ಬರಿಗೂ ಕಾವ್ಯದ ಹುಚ್ಚು. ಕವಿತೆಗಳನ್ನು ಜನಸಾಮಾನ್ಯರು ಕೊಳ್ಳಬಹುದಾದ ಬೆಲೆಗೆ ಪ್ರಕಟಿಸಬೇಕೆಂದು ಇಬ್ಬರೂ ಸಂಕಲ್ಪಿಸಿದರು. 1967ರಲ್ಲಿ ‘ಆಲಿಸನ್ ಅಂಡ್ ಬಸ್ಬಿ’ ಎಂಬ ಪ್ರಕಾಶನ ಸಂಸ್ಥೆ ಹುಟ್ಟಿತು. ಆಗ ಮಾರ್ಗರೆಟರಿಗೆ ಇಪ್ಪತ್ತಮೂರು ವರ್ಷವೂ ತುಂಬಿತ್ತೋ ಇಲ್ಲವೋ. ಬ್ರಿಟನ್ನಿನ ಅತಿ ಕಿರಿಯ ಪ್ರಕಾಶಕಿ, ಅಲ್ಲಿಯ ಮೊದಲ ಕೃಷ್ಣವರ್ಣೀಯ ಮಹಿಳಾ ಪ್ರಕಾಶಕಿ ಎಂದು ಅವರನ್ನು ಈಗ ಎಲ್ಲರೂ ಸ್ಮರಿಸುತ್ತಾರೆ.

ಆದರೆ ಅಂದಿನ ಸ್ಥಿತಿ ಸ್ಮರಣೀಯವಾಗಿರಲಿಲ್ಲ. ಮೊದಲು ಪ್ರಕಟಿಸಿದ್ದು ಮೂರು ಕವನ ಸಂಗ್ರಹಗಳನ್ನು. ಬೆಲೆ ಐದೈದು ಶಿಲಿಂಗು. ಸಾವಿರಾರು ಪ್ರತಿಗಳು ಅಚ್ಚಾಗಿ ಬಂದು ರಾಶಿಬಿದ್ದವು. ಅವನ್ನು ಅಂಗಡಿಗಳಿಗೆ ಹಂಚುವ ಏರ್ಪಾಡು ಮಾತ್ರ ಇರಲಿಲ್ಲ. ಆ ವ್ಯವಹಾರದ ಅನುಭವ ಇಬ್ಬರಿಗೂ ಇರಲಿಲ್ಲ. ಆಗ ಅವರು ಬೀದಿಯಲ್ಲಿ ಹೋಗುವ ಅಪರಿಚಿತರನ್ನು ತಡೆದು ‘ಪುಸ್ತಕ ಕೊಳ್ಳುವಿರಾ’ ಎಂದು ಕೇಳುತ್ತ ಮಾರಿದರು. ಇದನ್ನು ಓದಿದಾಗ ನಮಗೆ ನಮ್ಮ ಗಳಗನಾಥರ ನೆನಪಾಯಿತು. ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು ಕನ್ನಡ ಕಾದಂಬರಿಗಳನ್ನು ಮಾರಿದ ಆ ಮಹನೀಯರ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗೆಯೇ ನಂಜನಗೂಡಿನ ತಿರುಮಲಾಂಬಾ ಅವರ ನೆನಪೂ ಆಯಿತು. ಬಾಲವಿಧವೆಯಾಗಿ ಮನೆಯ ಮೂಲೆ ಸೇರಬೇಕಾಗಿದ್ದ ಆ ಸಾಧ್ವಿಯು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ತಾನೇ ಬರೆದು ತಾನೇ ಪ್ರಕಟಿಸಿದಳು. ದೇಶಗಳು ಬೇರೆ, ಕಾಲ ಬೇರೆ. ಕಷ್ಟ ಒಂದೇ, ಛಲವೂ ಒಂದೇ.

ಮಾರ್ಗರೆಟ್ ಬಸ್ಬಿಯವರು ಪ್ರಕಟಿಸಿದ ಮೊದಲ ಕಾದಂಬರಿ 1969ರಲ್ಲಿ ಹೊರಬಂದಿತು. ಬರೆದವರು ಅಮೆರಿಕದ ಕೃಷ್ಣವರ್ಣೀಯ ಲೇಖಕ ಸ್ಯಾಮ್ ಗ್ರೀನ್‌ಲೀ. ಪುಸ್ತಕದ ಹೆಸರು ‘ದಿ ಸ್ಪೂಕ್ ಹೂ ಸ್ಯಾಟ್ ಬೈ ದಿ ಡೋರ್’. ಹಲವಾರು ಪ್ರಕಾಶಕರು ಅದನ್ನು ತಿರಸ್ಕರಿಸಿದ್ದರು. ಅದರ ಹೆಸರಿನಲ್ಲಿಯೇ ಒಂದು ಕಹಿಯಾದ ವ್ಯಂಗ್ಯವಿದೆ. ಅಮೆರಿಕದ ಕಚೇರಿಗಳಲ್ಲಿ ಒಬ್ಬನೇ ಒಬ್ಬ ಕರಿಯನನ್ನು ನೇಮಿಸಿ, ಬಂದುಹೋಗುವವರಿಗೆ ಕಾಣುವಂತೆ ಬಾಗಿಲ ಬಳಿ ಕೂರಿಸಿ, ‘ನಮ್ಮಲ್ಲಿ ಭೇದವಿಲ್ಲ’ ಎಂದು ತೋರಿಸಿಕೊಳ್ಳುವ ಪದ್ಧತಿಯಿತ್ತು. ಅಂಥವನಿಗೆ ಕುರ್ಚಿಯಿತ್ತು, ಅಧಿಕಾರವಿರಲಿಲ್ಲ. ಬಾಗಿಲ ಬಳಿ ಕೂರುವುದು ಬೇರೆ, ಬಾಗಿಲನ್ನು ತೆರೆಯುವ ಅಧಿಕಾರ ಹೊಂದುವುದು ಬೇರೆ. ಈ ಎರಡರ ಅಂತರವನ್ನು ಅರಿತದ್ದರಲ್ಲಿಯೇ ಬಸ್ಬಿಯವರ ಇಡೀ ಜೀವನಕಾರ್ಯದ ಸಾರವಿದೆ ಎಂದು ನಮ್ಮ ಭಾವನೆ.

ಇನ್ನೊಂದು ಪ್ರಸಂಗವನ್ನು ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಿಗಾಗಿ ಹೇಳುತ್ತೇವೆ. ನೈಜೀರಿಯಾದ ಬೂಚಿ ಎಮೆಚೆಟಾ ಎಂಬ ಮಹಿಳೆ 1962ರಲ್ಲಿ ಗಂಡನನ್ನು ಕೂಡಿಕೊಳ್ಳಲು ಲಂಡನ್ನಿಗೆ ಬಂದಳು. ಐದು ಮಕ್ಕಳ ತಾಯಿ. ಬಿಡುವಾದಾಗ ಒಂದು ಕಾದಂಬರಿಯನ್ನು ಬರೆದಳು. ಗಂಡನು ಆ ಹಸ್ತಪ್ರತಿಯನ್ನು ಸುಟ್ಟುಹಾಕಿದನು. ಆಕೆ ಅವನನ್ನು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಬೇರೆಯಾದಳು. ದುಡಿಯುತ್ತ, ಓದುತ್ತ, ಬರೆಯುವುದನ್ನು ಮಾತ್ರ ಬಿಡಲಿಲ್ಲ. ಆಕೆಯ ‘ಸೆಕೆಂಡ್ ಕ್ಲಾಸ್ ಸಿಟಿಜನ್’ ಎಂಬ ಕಾದಂಬರಿಯನ್ನು 1974ರಲ್ಲಿ ಬಸ್ಬಿಯವರ ಸಂಸ್ಥೆ ಪ್ರಕಟಿಸಿತು. ಸುಟ್ಟುಹೋದ ಕಾದಂಬರಿಯನ್ನು ಆಕೆ ಮತ್ತೊಮ್ಮೆ ಬರೆದಳು. ಅದು ‘ದಿ ಬ್ರೈಡ್ ಪ್ರೈಸ್’. 1976ರಲ್ಲಿ ಅದನ್ನೂ ಅವರೇ ಪ್ರಕಟಿಸಿದರು. ಬೂದಿಯಾದುದನ್ನು ಮತ್ತೆ ಬರೆಯುವ ಧೈರ್ಯ ಲೇಖಕಿಯದು. ಆದರೆ ಹಾಗೆ ಬರೆದುದನ್ನು ಅಚ್ಚು ಹಾಕುವವರು ಒಬ್ಬರಿದ್ದಾರೆ ಎಂಬ ಭರವಸೆ ಸಣ್ಣದೇನು?

ತಂದೆಯ ಸಹಪಾಠಿಯಾಗಿದ್ದ ಆ ಹುಡುಗ, ಸಿ. ಎಲ್. ಆರ್. ಜೇಮ್ಸರು, ಮುಂದೆ ದೊಡ್ಡ ಇತಿಹಾಸಕಾರರಾದರು. ಹೈಟಿಯ ಗುಲಾಮರು ಬಂಡೆದ್ದು ಸ್ವತಂತ್ರರಾದ ಚರಿತ್ರೆಯನ್ನು 1938ರಲ್ಲಿ ಬರೆದಿದ್ದರು. ಸ್ನೇಹಿತನ ಮಗಳು 1977ರಿಂದ ಅವರ ಲೇಖನಗಳ ಸಂಪುಟಗಳನ್ನು ಒಂದಾದ ಮೇಲೊಂದರಂತೆ ಪ್ರಕಟಿಸಿ, ಆ ಹಳೆಯ ಚರಿತ್ರಗ್ರಂಥವನ್ನೂ 1980ರಲ್ಲಿ ಮತ್ತೆ ಓದುಗರ ಕೈಗಿತ್ತಳು. ಗಯಾನಾದ ರಾಯ್ ಹೀತ್ ಅವರ ‘ದಿ ಮರ್ಡರರ್’ 1978ರಲ್ಲಿ ಇವರಲ್ಲಿಯೇ ಪ್ರಕಟವಾಗಿ ಗಾರ್ಡಿಯನ್ ಪತ್ರಿಕೆಯ ಬಹುಮಾನವನ್ನು ಗಳಿಸಿತು. ಸೊಮಾಲಿಯಾದ ನುರುದ್ದೀನ್ ಫರಾ ಅವರ ಕೃತಿಗಳೂ ಈ ಹೊಸ್ತಿಲನ್ನು ದಾಟಿದವು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬಸ್ಬಿಯವರು ತಮ್ಮ ಬಣ್ಣದವರ ಪುಸ್ತಕಗಳನ್ನಷ್ಟೇ ಪ್ರಕಟಿಸಲಿಲ್ಲ. ಜಿಲ್ ಮರ್ಫಿ ಎಂಬ ಇಂಗ್ಲಿಷ್ ತರುಣಿಯು ಮಾಟಗಾತಿಯರ ಶಾಲೆಯೊಂದರ ಕಥೆಯನ್ನು ಬರೆದು, ಚಿತ್ರಗಳನ್ನೂ ತಾನೇ ಬಿಡಿಸಿದ್ದಳು. ‘ದಿ ವರ್ಸ್ಟ್ ವಿಚ್’ ಎಂಬ ಆ ಪುಸ್ತಕವನ್ನು 1974ರಲ್ಲಿ ಪ್ರಕಟಿಸಿದವರೂ ಇವರೇ. ಅದು ಮಕ್ಕಳಿಗೆ ಬಹು ಪ್ರಿಯವಾಯಿತು. ವೈವಿಧ್ಯವೆಂದರೆ ಒಬ್ಬರನ್ನು ಎಬ್ಬಿಸಿ ಮತ್ತೊಬ್ಬರನ್ನು ಕೂರಿಸುವುದಲ್ಲ, ಪಂಕ್ತಿಯನ್ನು ಉದ್ದಮಾಡುವುದು. ನಮ್ಮ ಮದುವೆ ಮನೆಗಳಲ್ಲಿ ನಂಟರು ಹೆಚ್ಚಿದಾಗ ಮತ್ತೊಂದು ಚಾಪೆ ಹಾಸುತ್ತೇವಲ್ಲವೆ, ಹಾಗೆ.

ಇಪ್ಪತ್ತು ವರ್ಷ ಅವರು ಸಂಪಾದಕ ನಿರ್ದೇಶಕಿಯಾಗಿ ದುಡಿದರು. ಆದರೆ ಹಣದ ಬಲವಿಲ್ಲದ ಸಂಸ್ಥೆ ಎಷ್ಟು ದಿನ ನಿಂತೀತು? 1987ರಲ್ಲಿ ಅದನ್ನು ಬೇರೊಂದು ಪ್ರಕಾಶನ ಸಂಸ್ಥೆಯು ವಹಿಸಿಕೊಂಡಿತು. ತಾವು ಕಟ್ಟಿದ ಮನೆಯಿಂದ ಅವರು ಹೊರಬಂದರು. ಇದನ್ನು ಸೋಲೆನ್ನುವುದಾದರೆ ಎನ್ನಬಹುದು. ಆದರೆ ಅವರ ಕಾರ್ಯ ಅಲ್ಲಿಗೆ ನಿಲ್ಲಲಿಲ್ಲ. ಒಂದು ಮನೆಯ ಬಾಗಿಲನ್ನು ತಾನೊಬ್ಬಳೇ ತೆರೆದು ಹಿಡಿದರೆ ಸಾಲದು, ತಾನು ಹೊರಟೊಡನೆ ಆ ಬಾಗಿಲು ಮುಚ್ಚಬಹುದು ಎಂಬ ಅರಿವು ಅವರಿಗೆ ಮೊದಲೇ ಇತ್ತು. 1980ರ ದಶಕದಲ್ಲಿಯೇ ಅವರು ಸಮಾನಮನಸ್ಕರೊಡನೆ ಕೂಡಿ ‘ಗ್ರೇಟರ್ ಆಕ್ಸೆಸ್ ಟು ಪಬ್ಲಿಷಿಂಗ್’ ಎಂಬ ಸಂಘಟನೆಯನ್ನು ಹುಟ್ಟುಹಾಕಿದ್ದರು. ಅದರ ಬೇಡಿಕೆ ಸರಳವಾದುದು: ಅಲ್ಪಸಂಖ್ಯಾತರ ಕುರಿತು ಪುಸ್ತಕಗಳು ಬಂದರೆ ಸಾಲದು, ಪುಸ್ತಕಗಳನ್ನು ಆರಿಸುವ, ತಿದ್ದುವ, ಅಚ್ಚು ಹಾಕಿಸುವ, ಮಾರುವ ಕೆಲಸಗಳಲ್ಲಿಯೂ ಅವರಿಗೆ ಸ್ಥಾನ ಸಿಗಬೇಕು. ನಮ್ಮನ್ನು ಕುರಿತು ಬರೆಯುವುದೊಂದು; ನಾವೇ ಬರೆಯುವುದು ಮತ್ತೊಂದು; ಯಾವುದನ್ನು ಅಚ್ಚು ಹಾಕಬೇಕೆಂದು ನಿರ್ಣಯಿಸುವಲ್ಲಿ ನಮ್ಮ ಮಾತೂ ನಡೆಯುವುದು ಮೂರನೆಯದು. ಮೂರನೆಯದಿಲ್ಲದೆ ಮೊದಲಿನ ಎರಡೂ ಪರರ ಕೃಪೆಯಾಗಿಯೇ ಉಳಿಯುತ್ತವೆ.

1992ರಲ್ಲಿ ಅವರು ಸಂಪಾದಿಸಿದ ‘ಡಾಟರ್ಸ್ ಆಫ್ ಆಫ್ರಿಕಾ’ ಎಂಬ ಬೃಹತ್ ಸಂಕಲನ ಹೊರಬಂದಿತು. ಪ್ರಾಚೀನ ಈಜಿಪ್ತಿನಿಂದ ಹಿಡಿದು ಆ ದಿನದವರೆಗೆ, ಆಫ್ರಿಕೆಯ ಮೂಲದ ಇನ್ನೂರಕ್ಕೂ ಹೆಚ್ಚು ಮಹಿಳೆಯರ ಬರೆಹಗಳು ಸಾವಿರಕ್ಕೂ ಮೀರಿದ ಪುಟಗಳಲ್ಲಿ ಅಲ್ಲಿ ನೆರೆದಿವೆ. ‘ಇಂಥ ಲೇಖಕಿಯರು ಎಲ್ಲಿದ್ದಾರೆ’ ಎಂದು ಕೇಳುವವರ ಮುಂದೆ ಇಡಬಹುದಾದ ಉತ್ತರ ಅದು. 2019ರಲ್ಲಿ ‘ನ್ಯೂ ಡಾಟರ್ಸ್ ಆಫ್ ಆಫ್ರಿಕಾ’ ಎಂಬ ಎರಡನೆಯ ಸಂಕಲನ ಬಂದಿತು. ಅದರಲ್ಲಿಯೂ ಇನ್ನೂರಕ್ಕೂ ಹೆಚ್ಚು ಲೇಖಕಿಯರು. ಅವರು ತಮ್ಮ ಸಂಭಾವನೆಯನ್ನು ಬಿಟ್ಟುಕೊಟ್ಟರು. ಅದರ ನೆರವಿನಿಂದ, ಆಫ್ರಿಕೆಯ ಒಬ್ಬ ವಿದ್ಯಾರ್ಥಿನಿಯು ಲಂಡನ್ನಿನ ಸೋಯಾಸ್ ವಿದ್ಯಾಲಯದಲ್ಲಿ ಓದಲೆಂದು ಒಂದು ವಿದ್ಯಾರ್ಥಿವೇತನ ಏರ್ಪಟ್ಟಿತು. ಅದನ್ನು ಮೊದಲು ಪಡೆದ ಕೆನ್ಯಾದ ಇಡ್ಜಾ ಲುಹುಮ್ಯೊ ಎಂಬ ತರುಣಿಯು 2022ರಲ್ಲಿ ಆಫ್ರಿಕೆಯ ಸಣ್ಣಕತೆಗಾರರಿಗೆ ಸಲ್ಲುವ ಕೇನ್ ಬಹುಮಾನವನ್ನು ಗೆದ್ದಳು. ಧರ್ಮಾದಾಯದಿಂದ ನಡೆಯುವ ನಮ್ಮಂಥ ಸಂಸ್ಥೆಗಳಿಗೆ ಈ ಸಂಗತಿ ಸಂತೋಷಕರವಾದುದು. ನೂರಾರು ಜನರು ಬಿಟ್ಟುಕೊಟ್ಟ ಸಣ್ಣ ಸಣ್ಣ ಮೊತ್ತ ಒಂದು ಹುಡುಗಿಯ ವಿದ್ಯೆಯಾಯಿತು.

2020ರಲ್ಲಿ ಬಸ್ಬಿಯವರು ಬೂಕರ್ ಬಹುಮಾನದ ತೀರ್ಪುಗಾರರ ಮಂಡಲಿಗೆ ಅಧ್ಯಕ್ಷರಾಗಿದ್ದರು. ಆ ವರ್ಷ ಕೊನೆಯ ಪಟ್ಟಿಗೆ ಬಂದ ಆರು ಕೃತಿಗಳಲ್ಲಿ ಜಿಂಬಾಬ್ವೆಯ ಸಿಟ್ಸಿ ಡಂಗರೆಂಬ್ಗಾ, ಇಥಿಯೋಪಿಯಾ ಮೂಲದ ಮಾಜಾ ಮೆಂಗಿಸ್ಟೆ, ಭಾರತೀಯ ಮೂಲದ ಅವ್ನಿ ದೋಶಿ ಅವರ ಕಾದಂಬರಿಗಳಿದ್ದವು. ಬಹುಮಾನ ಬಂದದ್ದು ಸ್ಕಾಟ್ಲಂಡಿನ ಡಗ್ಲಸ್ ಸ್ಟೂಅರ್ಟ್ ಅವರ ‘ಶಗ್ಗಿ ಬೇನ್’ ಎಂಬುದಕ್ಕೆ. ಮೂವತ್ತಕ್ಕೂ ಹೆಚ್ಚು ಪ್ರಕಾಶಕರು ಅದನ್ನು ಮರಳಿಸಿದ್ದರು. ಗ್ಲಾಸ್ಗೊ ನಗರದ ಬಡ ಕೇರಿಯೊಂದರ ಕಥೆ ಅದು. ಅದರ ಪಾತ್ರಗಳು ಆ ಕೇರಿಯ ಮಾತನ್ನೇ ಆಡುತ್ತವೆ. 2021ರಲ್ಲಿ ಲಂಡನ್ ಪುಸ್ತಕಮೇಳವು ಬಸ್ಬಿಯವರಿಗೆ ಜೀವಮಾನ ಸಾಧನೆಯ ಪ್ರಶಸ್ತಿಯನ್ನಿತ್ತು ಗೌರವಿಸಿತು. 2023ರಲ್ಲಿ ಅವರು ಲೇಖಕರ ಸಂಸ್ಥೆಯಾದ ಇಂಗ್ಲಿಷ್ ಪೆನ್‌ಗೆ ಅಧ್ಯಕ್ಷರಾದರು.

ಸಭಿಕರೇ, ಇಲ್ಲಿಯವರೆಗೆ ಹೇಳಿದ್ದು ಲಂಡನ್ನಿನ ಕಥೆ. ಇನ್ನು ನಮ್ಮ ಕಥೆ.

ನಮ್ಮ ಸಂಸ್ಥೆಯ ಈ ವಾರ್ಷಿಕ ಸಂಚಿಕೆಯ ಸಂಪಾದನೆಯ ಭಾರವನ್ನು ನಾವು ಹಲವು ವರ್ಷ ಹೊತ್ತಿದ್ದೆವು. ಪ್ರಸಾರ ಕೆಲವೇ ನೂರು ಪ್ರತಿ. ಆದರೂ ನಾವು ಹೊಸ್ತಿಲ ಬಳಿ ಕುಳಿತವರೇ. ಒಂದು ವರ್ಷ ಏಳನೆಯ ಇಯತ್ತೆಯ ಒಬ್ಬ ಹುಡುಗಿ ಎರಡು ಹಾಳೆ ಬರೆದು ತಂದುಕೊಟ್ಟಳು. ತಂದೆ ತಾಯಿಯೊಡನೆ ಕಬ್ಬು ಕಡಿಯಲು ಹೋಗಿ ಒಂದು ಹಂಗಾಮನ್ನು ಕಳೆದ ಕಥೆ. ಮುಕಾದಮನಿಂದ ಪಡೆದ ‘ಉಚಲ’, ಬೆಳಗಿನ ಜಾವದ ಚಳಿ, ಇಡೀ ಟೋಳಿಯು ಕಬ್ಬಿನ ಸೋಗೆಯಿಂದ ಹಾಕಿಕೊಂಡ ‘ಕೋಪಿ’, ಅದರೊಳಗೆ ತಮ್ಮನನ್ನು ಆಡಿಸುತ್ತ ತಾನು ಮರೆತುಹೋದ ಪಾಠಗಳು. ಇವೆಲ್ಲ ಆ ಎರಡು ಹಾಳೆಗಳಲ್ಲಿದ್ದವು. ನಾವು ಕೆಂಪು ಮಸಿ ತೆಗೆದುಕೊಂಡೆವು. ‘ಉಚಲ’ವನ್ನು ಹೊಡೆದು ‘ಮುಂಗಡ’ ಎಂದು ಬರೆದೆವು. ‘ಕೋಪಿ’ಯನ್ನು ಹೊಡೆದು ‘ಗುಡಿಸಲು’ ಎಂದು ಬರೆದೆವು. ಇವು ಮರಾಠಿ ಶಬ್ದಗಳು, ಕನ್ನಡ ಶಾಲೆಯ ಪತ್ರಿಕೆಗೆ ತಕ್ಕವಲ್ಲವೆಂದು ನಮ್ಮ ವಿಚಾರವಾಗಿತ್ತು. ಕೊನೆಗೆ ‘ಭಾಷೆ ಶುದ್ಧವಿಲ್ಲ’ ಎಂದು ಅದನ್ನು ಮರಳಿಸಿದೆವು. ಆ ವರ್ಷದ ಸಂಚಿಕೆಯಲ್ಲಿ ‘ನಮ್ಮ ರಾಷ್ಟ್ರಪಕ್ಷಿ’ ಎಂಬ ಪ್ರಬಂಧ ಅಚ್ಚಾಯಿತು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ; ಅದನ್ನು ಬರೆದವನು ನವಿಲನ್ನು ಕಂಡಿದ್ದನೋ ಇಲ್ಲವೋ ತಿಳಿಯದು.

ಕೋಪಿಯು ಬರಿಯ ಗುಡಿಸಲಲ್ಲ. ಗುಡಿಸಲು ಇರುವ ಮನೆ. ಕೋಪಿ ಹಂಗಾಮು ಮುಗಿದೊಡನೆ ಬಿಚ್ಚಿಹೋಗುವ ಮನೆ. ಉಚಲವು ಬರಿಯ ಮುಂಗಡವಲ್ಲ. ಇಡೀ ಕುಟುಂಬವು ಮೈಮುರಿದು ತೀರಿಸಬೇಕಾದ ಋಣ. ಆ ಹುಡುಗಿ ಆರಿಸಿದ್ದು ಸರಿಯಾದ ಶಬ್ದಗಳನ್ನೇ. ತಪ್ಪಿದವರು ನಾವು. ಸೊಲ್ಲಾಪುರದ ಕಾಲೇಜಿನಲ್ಲಿ 1944ರಿಂದ 1956ರವರೆಗೆ ಪಾಠ ಹೇಳಿದ ಬೇಂದ್ರೆಯವರು ಮನೆಮಾತಿನ ಕನ್ನಡವನ್ನೇ ಕಾವ್ಯವಾಗಿಸಿದರೆಂದು ಪ್ರತಿ ವರ್ಷ ಈ ವೇದಿಕೆಯಲ್ಲಿ ಕೊಂಡಾಡುವವರೂ ನಾವೇ. ಕವಿಗೆ ಒಪ್ಪಿದ್ದು ಕಬ್ಬು ಕಡಿಯುವವರ ಮಗಳಿಗೆ ಏಕೆ ಒಪ್ಪಲಿಲ್ಲ? ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಮರು ವರ್ಷ ಆಕೆ ಶಾಲೆಗೆ ಬರಲಿಲ್ಲ. ನಮ್ಮ ಕೆಂಪು ಮಸಿಯಿಂದಲೇ ಶಾಲೆ ಬಿಟ್ಟಳೆಂದು ಹೇಳಲಾರೆವು. ಬಡತನಕ್ಕೆ ಬೇರೆ ಕಾರಣಗಳು ಬೇಕಿಲ್ಲ. ಆದರೆ ಉಳಿಯಲು ಒಂದು ಕಾರಣವನ್ನು ಕೊಡುವ ಅವಕಾಶ ನಮ್ಮ ಕೈಗೆ ಬಂದಿತ್ತು. ಅದನ್ನು ನಾವು ಕಳೆದುಕೊಂಡೆವು. ಮೊನ್ನೆ ಅವರ ಮನೆಗೆ ಹೋಗಿ ಆ ಹಾಳೆಗಳು ಇವೆಯೇ ಎಂದು ಕೇಳಿದೆವು. ‘ಅವು ಎಲ್ಲಿ ಉಳೀತಾವರಿ ಗುರುಗಳೇ’ ಎಂದು ಆಕೆಯ ತಾಯಿ ನಕ್ಕರು. ಆ ನಗೆಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಸಹಿಸುವುದು ಸುಲಭವಾಗುತ್ತಿತ್ತು.

ಬಸ್ಬಿಯವರ ಸಂಸ್ಥೆ ಹುಟ್ಟಿದ 1967ರಲ್ಲಿಯೇ ಪುಣೆಯಲ್ಲಿ ಬಾಲಭಾರತಿ ಸಂಸ್ಥೆಯೂ ಹುಟ್ಟಿತು. ಅದು ಇತರ ಭಾಷೆಗಳೊಡನೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುತ್ತ ಬಂದಿದೆ. ಈ ರಾಜ್ಯದ ಕನ್ನಡ ಮಕ್ಕಳ ಕೈಗೆ ಕನ್ನಡ ಪುಸ್ತಕ ಬರುತ್ತಿರುವುದು ಅದರಿಂದ. ಬಹುಸಂಖ್ಯಾತರ ನುಡಿಯ ನಾಡಿನಲ್ಲಿ ಅಲ್ಪಸಂಖ್ಯಾತರಾದ ನಾವು ನಮ್ಮ ಹಕ್ಕನ್ನು ಕೇಳುತ್ತೇವೆ, ಕೇಳಬೇಕು. ಆದರೆ ನಮ್ಮೊಳಗಿನ ಅಲ್ಪರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದನ್ನೂ ಕೇಳಿಕೊಳ್ಳಬೇಕು. ಹೊರಗಿನ ಹೊಸ್ತಿಲಲ್ಲಿ ನ್ಯಾಯ ಬೇಡುವವರು ಒಳಗಿನ ಹೊಸ್ತಿಲಲ್ಲಿ ಅನ್ಯಾಯ ಮಾಡಬಾರದು.

ಆದುದರಿಂದ ಸಂಚಾಲಕ ಮಂಡಲಕ್ಕೆ ಮೂರು ಸೂಚನೆಗಳನ್ನು ವಿನಯಪೂರ್ವಕ ಮುಂದಿಡುತ್ತೇವೆ. ಮೊದಲನೆಯದು: ಮುಂದಿನ ವರ್ಷದಿಂದ ಸಂಚಿಕೆಯ ಸಂಪಾದಕ ಮಂಡಲಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಹಾಗೂ ದುಡಿಮೆಗಾಗಿ ವಲಸೆ ಹೋಗುವ ಕುಟುಂಬದ ಒಬ್ಬ ಪಾಲಕರು ಇರಬೇಕು. ಅವರನ್ನು ಬಾಗಿಲ ಬಳಿ ಕೂರಿಸುವುದಲ್ಲ, ಅವರಿಗೂ ನಮ್ಮಷ್ಟೇ ಮತ ಇರಬೇಕು. ಎರಡನೆಯದು: ಮಕ್ಕಳ ಬರೆಹದಲ್ಲಿ ಬರುವ ಈ ಸೀಮೆಯ ಮಾತುಗಳನ್ನು ಹೊಡೆದುಹಾಕದೆ, ಬೇಕಾದರೆ ಅರ್ಥವನ್ನು ಕೆಳಗೆ ಕೊಡಬೇಕು. ಮೂರನೆಯದು: ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವಾಗ ನಮ್ಮ ಅಭಿರುಚಿಯನ್ನಷ್ಟೇ ನಂಬದೆ ಓದುವ ಮಕ್ಕಳನ್ನೂ ಕೇಳಬೇಕು. ಇವಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಕುಳಿತ ಜಾಗದಲ್ಲಿ ತುಸು ಸರಿದು ಕೂರುವ ಮನಸ್ಸು ಬೇಕು.

ಆ ಹುಡುಗಿಯ ತಮ್ಮ, ಕೋಪಿಯೊಳಗೆ ಆಡುತ್ತಿದ್ದ ಆ ಕೂಸು, ಈಗ ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದಾನೆ. ಈ ಸಭೆಯಲ್ಲಿಯೂ ಎಲ್ಲಿಯೋ ಕುಳಿತಿದ್ದಾನೆ. ಅವನ ಮುಖಾಂತರ ಅವನ ಅಕ್ಕನಿಗೆ ನಮ್ಮ ಮಾತನ್ನು ಕಳುಹಿಸಿದ್ದೇವೆ: ತಪ್ಪಾಯಿತು, ನೆನಪಿದ್ದಷ್ಟನ್ನು ಮತ್ತೊಮ್ಮೆ ಬರೆದುಕೊಡು, ಒಂದು ಶಬ್ದವನ್ನೂ ಮುಟ್ಟದೆ ಅಚ್ಚು ಹಾಕಿಸುತ್ತೇವೆ. ಉತ್ತರ ಇನ್ನೂ ಬಂದಿಲ್ಲ. ಬರುವುದೆಂದು ಕಾದಿದ್ದೇವೆ, ಮುಂದಿನ ಸಂಚಿಕೆಯಲ್ಲಿ ಎರಡು ಪುಟಗಳನ್ನು ಅದಕ್ಕಾಗಿ ತೆರವಾಗಿಡಬೇಕೆಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇವೆ.